ಮನೆಯಲ್ಲೇ ಮಾಡುವ ಗಾಯದ ಪ್ರಸಾಧನ: ಅಂಟಿಸಿದ್ದು ಎಂದು ಕಾಣದಂತೆ ಮಾಡುವುದು ಹೇಗೆ?

ಮೂರನೇ ಗಂಟೆ:
ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ಒಬ್ಬ ಪಾತ್ರಧಾರಿಗೆ ನೇಪಥ್ಯದಲ್ಲಿ ದೊಣ್ಣೆಯ ಪೆಟ್ಟು ಬೀಳುತ್ತದೆ. ಹತ್ತು ನಿಮಿಷಗಳ ನಂತರ ಆತ ಹಣೆ ಒಡೆದುಕೊಂಡು ರಂಗಕ್ಕೆ ಬರಬೇಕು. ಅದರ ಮುಂದಿನ ದೃಶ್ಯದಲ್ಲಿ ಮೂರು ದಿನ ಹಳೆಯದಾದ ಗಾಯದೊಂದಿಗೆ ಕಾಣಿಸಿಕೊಳ್ಳಬೇಕು. ಆ ಎರಡು ದೃಶ್ಯಗಳ ನಡುವೆ ನನಗೆ ಸಿಗುವುದು ಆರು ನಿಮಿಷ ಮಾತ್ರ.

ಗಾಯದ ಮೇಣವನ್ನು ಹುಬ್ಬಿನ ಮೇಲೆ ಒತ್ತಿ, ಚಮಚದ ಹಿಡಿಯಿಂದ ಅದನ್ನು ಸೀಳಿ, ಸೀಳಿನೊಳಗೆ ಕೆಂಪು ಬಣ್ಣ ತುಂಬಿದೆ. ಮನೆಯ ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಆದರೆ ಅಭ್ಯಾಸದ ದಿನ ದೀಪಗಳ ಕೆಳಗೆ ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮೇಣ ಬೆವರಿಗೆ ಸಡಿಲಗೊಂಡು, ಅದರ ಕೆಳ ಅಂಚು ಹಳೆಯ ಗೋಡೆಯ ಸುಣ್ಣದ ಹಕ್ಕಳೆಯಂತೆ ಮೇಲೆದ್ದಿತು. ಮೊದಲ ಸಾಲಿನಲ್ಲಿ ಕುಳಿತಿದ್ದ ಗೆಳೆಯನೊಬ್ಬ, ಹಣೆಗೆ ಜೇಡಿಮಣ್ಣು ಮೆತ್ತಿದ ಹಾಗಿದೆ ಎಂದು ಹೇಳಿದ. ತಪ್ಪು ವಸ್ತುವಿನದೋ, ನನ್ನ ಕೈಯದೋ ಎಂಬುದು ತಿಳಿಯುತ್ತಿಲ್ಲ. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು.

ಬಣ್ಣದ ಪೆಟ್ಟಿಗೆ:
ತಪ್ಪು ಎರಡರದ್ದೂ ಇದೆ, ಆದರೆ ಎರಡನ್ನೂ ಸರಿಪಡಿಸಬಹುದು. ಮೇಣವು ಮೈಯ ಬಿಸಿಗೇ ಮೆತ್ತಗಾಗುವ ವಸ್ತು. ಅದನ್ನು ಬರಿಯ ಚರ್ಮದ ಮೇಲೆ ಒತ್ತಿದರೆ ಹಿಡಿತವೇ ಇರುವುದಿಲ್ಲ. ಮೊದಲು ಚರ್ಮದ ಜಿಡ್ಡನ್ನು ತೆಗೆದು, ಸ್ಪಿರಿಟ್ ಗಮ್ಮನ್ನು, ಅಂದರೆ ಮುಖಕ್ಕೆ ಗಡ್ಡ ಮೀಸೆ ಅಂಟಿಸುವ ಅಂಟನ್ನು, ತೆಳ್ಳಗೆ ಹಚ್ಚಿ, ಅದು ಬೆರಳಿಗೆ ಅಂಟಂಟಾಗುವವರೆಗೆ ತಟ್ಟಿ, ಆಮೇಲೆ ಮೇಣವನ್ನು ಕೂರಿಸಬೇಕು. ಅಂಚುಗಳನ್ನು ತೀಡುವಾಗ ಬೆರಳ ತುದಿಗೆ ಕಣದಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡು ಮಧ್ಯದಿಂದ ಹೊರಕ್ಕೆ ಎಳೆಯುತ್ತಾ ಹೋದರೆ ಮೇಣ ಎಲ್ಲಿ ಮುಗಿದು ಚರ್ಮ ಎಲ್ಲಿ ಆರಂಭವಾಯಿತು ಎಂಬುದೇ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಒಂದು ತೆಳುಪದರದ ದ್ರವ ಲ್ಯಾಟೆಕ್ಸ್ (ದ್ರವರೂಪದ ರಬ್ಬರು) ಅಥವಾ ಸೀಲರ್ (ಮೇಲ್ಮೈಯನ್ನು ಮುಚ್ಚಿ ಹಿಡಿಯುವ ಲೇಪ) ಹಚ್ಚಿ, ಪೌಡರ್ ಹಾಕಿ, ಆನಂತರವೇ ಬಣ್ಣಕ್ಕೆ ಕೈಹಾಕಬೇಕು.

ಇನ್ನೊಂದು ಮಾತು. ಹುಬ್ಬಿನ ಕೂದಲಿನ ಮೇಲೆ ಗಾಯ ಮಾಡಬೇಡಿ. ಕೂದಲಿದ್ದಲ್ಲಿ ಗಮ್ ಹಚ್ಚಿದರೆ ತೆಗೆಯುವಾಗ ನೋವು, ಕೂದಲನ್ನು ಕಾಪಾಡಲು ಜೆಲ್ಲಿ ಹಚ್ಚಿದರೆ ಗಮ್ ಹಿಡಿಯುವುದಿಲ್ಲ. ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿದರೆ ಈ ತೊಡಕೇ ಇರುವುದಿಲ್ಲ.

ಕಿರುಚಿತ್ರದವ:
ರಂಗದ ದೀಪದ ಕೆಳಗೆ ಮೇಣವನ್ನು ನಂಬುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ದ್ರವ ಲ್ಯಾಟೆಕ್ಸ್ ಮತ್ತು ಟಿಶ್ಯೂ ಪೇಪರಿನಿಂದ ಮಾಡಿದ ಗಾಯವು ಬೆವರಿಗೂ ಹೆದರುವುದಿಲ್ಲ, ಮುಖ ಕಿವುಚಿದರೂ ಒಡೆಯುವುದಿಲ್ಲ. ಟಿಶ್ಯೂವಿನ ಎರಡು ಪದರಗಳನ್ನು ಬಿಡಿಸಿ ಒಂದೇ ಪದರವನ್ನು ಬಳಸಬೇಕು. ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯಬೇಕು, ಏಕೆಂದರೆ ಹರಿದ ಅಂಚಿನ ನಾರು ಚರ್ಮದೊಂದಿಗೆ ಬೆರೆಯುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತದೆ. ಲ್ಯಾಟೆಕ್ಸ್ ಹಚ್ಚಿ, ಟಿಶ್ಯೂ ಕೂರಿಸಿ, ಮತ್ತೆ ಲ್ಯಾಟೆಕ್ಸ್ ಹಚ್ಚುವ ಈ ಕೆಲಸವನ್ನು ಮೂರು ನಾಲ್ಕು ಸಲ ಮಾಡಬೇಕು, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಚಿಕ್ಕ ತುಂಡನ್ನು ಇಡಬೇಕು. ಹಾಲಿನಂತೆ ಬೆಳ್ಳಗಿರುವ ಲ್ಯಾಟೆಕ್ಸ್ ಒಣಗಿ ಪಾರದರ್ಶಕವಾದ ಮೇಲೆ ನಡುವಿನಲ್ಲಿ ಚಿಮಟದಿಂದ ಹಿಡಿದೆತ್ತಿ ಹರಿದರೆ, ಚರ್ಮ ಕಿತ್ತುಹೋದಂತೆಯೇ ಕಾಣುತ್ತದೆ.

ಬಣ್ಣದ ಪೆಟ್ಟಿಗೆ:
ಒಪ್ಪುತ್ತೇನೆ, ಆದರೆ ಹತ್ತು ನಿಮಿಷದೊಳಗೆ ನಾಲ್ಕು ಪದರ ಒಣಗಿಸುವುದು ಹೇಗೆ? ಕೇಳಿದವರ ಕಷ್ಟವಿರುವುದು ಸಮಯದಲ್ಲಿ.

ಕಿರುಚಿತ್ರದವ:
ಮುಖದ ಮೇಲೆಯೇ ಮಾಡಬೇಕೆಂದು ಯಾರು ಹೇಳಿದರು? ನುಣುಪಾದ ಗಾಜಿನ ಹಲಗೆಯ ಮೇಲೆ ಹಿಂದಿನ ದಿನವೇ ಮಾಡಿ ಒಣಗಿಸಿ, ಪೌಡರ್ ಉದುರಿಸುತ್ತಾ ನಿಧಾನವಾಗಿ ಎಬ್ಬಿಸಿದರೆ ತೆಳುವಾದ ತುಂಡೊಂದು ಕೈಗೆ ಬರುತ್ತದೆ. ಪೌಡರ್ ಮರೆತರೆ ಲ್ಯಾಟೆಕ್ಸ್ ತನ್ನ ಮೇಲೆ ತಾನೇ ಮಡಚಿ ಅಂಟಿಕೊಳ್ಳುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಣ್ಣವನ್ನೂ ಬಹುಪಾಲು ಮೊದಲೇ ಹಚ್ಚಿಡಬಹುದು. ಪ್ರದರ್ಶನದ ಹೊತ್ತಿಗೆ ಉಳಿಯುವ ಕೆಲಸ ಗಮ್ ಹಚ್ಚಿ ಅಂಟಿಸುವುದು, ಅಂಚಿಗೆ ಒಂದು ಸುತ್ತು ಲ್ಯಾಟೆಕ್ಸ್ ಸವರುವುದು, ರಕ್ತ ಹಾಕುವುದು, ಇಷ್ಟೇ.

ನೆರಳು ಬೆಳಕು:
ಎಲ್ಲರೂ ಲ್ಯಾಟೆಕ್ಸ್ ಲ್ಯಾಟೆಕ್ಸ್ ಎನ್ನುತ್ತಿದ್ದೀರಿ. ಅಲರ್ಜಿಯ ಮಾತನ್ನು ಯಾರೂ ಎತ್ತದಿರುವುದು ನನಗೆ ಬೇಸರ ತಂದಿದೆ. ಅದು ನೈಸರ್ಗಿಕ ರಬ್ಬರು. ಕೆಲವರ ಮೈಗೆ ಅದು ಒಗ್ಗುವುದೇ ಇಲ್ಲ. ನಮ್ಮ ತಂಡದ ಹುಡುಗಿಯೊಬ್ಬಳಿಗೆ ಕೆನ್ನೆಯ ಮೇಲೆ ಹಚ್ಚಿದ ಅರ್ಧ ಗಂಟೆಯೊಳಗೆ ತುರಿಕೆ ಆರಂಭವಾಗಿ, ತೆಗೆದು ನೋಡಿದರೆ ಅಷ್ಟಗಲಕ್ಕೂ ಕೆಂಪು ದದ್ದು ಎದ್ದಿತ್ತು. ಆಕೆ ಹೇಳಿಕೊಳ್ಳಲು ಸಂಕೋಚಪಟ್ಟು ಸಹಿಸಿಕೊಂಡಿದ್ದಳು ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ. ಮೊಣಕೈಯ ಒಳಮಗ್ಗುಲಲ್ಲಿ ಚೂರು ಹಚ್ಚಿ 24 ಗಂಟೆ ಕಾಯದೆ ಯಾರ ಮುಖಕ್ಕೂ ಹಚ್ಚಬೇಡಿ. ರಬ್ಬರ್ ಕೈಗವಸು ಅಥವಾ ಬಲೂನಿನಿಂದ ತುರಿಕೆ ಬಂದದ್ದುಂಟೇ ಎಂದು ಮೊದಲೇ ಕೇಳಿ. ಉಂಟು ಎಂದರೆ ಪರೀಕ್ಷೆಯೂ ಬೇಡ, ಲ್ಯಾಟೆಕ್ಸನ್ನೇ ಬಿಟ್ಟುಬಿಡಿ. ಅದರಲ್ಲಿರುವ ಅಮೋನಿಯಾದ ಘಾಟು ಕಣ್ಣಿಗೆ ಉರಿ ತರುವುದರಿಂದ ಕಿಟಕಿ ತೆರೆದೇ ಕೆಲಸ ಮಾಡಬೇಕು, ಕಣ್ಣಿನ ಹತ್ತಿರಕ್ಕಂತೂ ಒಯ್ಯಲೇಬಾರದು.

ಮೂರನೇ ಗಂಟೆ:
ತಿಳಿಸಿದ್ದು ಬಹಳ ಒಳ್ಳೆಯದಾಯಿತು. ಪಾತ್ರಧಾರಿಯನ್ನು ಇಂದೇ ಕೇಳುತ್ತೇನೆ. ಒಂದು ವೇಳೆ ಅವರಿಗೆ ಒಗ್ಗದಿದ್ದರೆ ಬೇರೆ ದಾರಿ ಇದೆಯೇ?

ಮೇಣದ ಬೊಂಬೆ:
ಜೆಲಟಿನ್ ಇದೆ. ಜೆಲಟಿನ್ ಪುಡಿ, ಗ್ಲಿಸರಿನ್, ನೀರು, ಮೂರನ್ನೂ ಸಮಪಾಲು ಬೆರೆಸಿ ನೆನೆಯಲು ಬಿಟ್ಟು, ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಆ ಬಟ್ಟಲನ್ನು ಇಟ್ಟು ಕರಗಿಸಬೇಕು. ತಟ್ಟೆಯ ಮೇಲೆ ಸುರಿದು, ಆರುತ್ತಾ ಬರುವಾಗ ಚಮಚದಿಂದ ಎಳೆದು ಆಕಾರ ಕೊಟ್ಟರೆ ಮೆತ್ತನೆಯ, ಅರೆಪಾರದರ್ಶಕವಾದ ಮಾಂಸದಂಥ ತುಂಡು ಸಿದ್ಧವಾಗುತ್ತದೆ. ಬೆಳಕು ಅದರೊಳಗೆ ಸ್ವಲ್ಪ ಇಳಿದು ಹಿಂದಿರುಗುವುದರಿಂದ ಅದು ಚರ್ಮದಂತೆಯೇ ಕಾಣುತ್ತದೆ. ಈ ಗುಣ ಮೇಣದಲ್ಲಾಗಲಿ ಲ್ಯಾಟೆಕ್ಸಿನಲ್ಲಾಗಲಿ ಇಷ್ಟಿಲ್ಲ. ಅಂಚನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸವರಿದರೆ ಕರಗಿ ಚರ್ಮದೊಳಕ್ಕೆ ಸೇರಿಹೋಗುತ್ತದೆ. ಜೆಲಟಿನ್ ಪ್ರಾಣಿಮೂಲದ್ದು ಎಂಬುದನ್ನು ಹಚ್ಚಿಸಿಕೊಳ್ಳುವವರಿಗೆ ಮುಂಚೆಯೇ ತಿಳಿಸುವುದು ನ್ಯಾಯ.

ಕಿರುಚಿತ್ರದವ:
ಜೆಲಟಿನ್ ಕೂಡ ಬಿಸಿಗೆ ಕರಗುವುದೇ ಅಲ್ಲವೇ? ಮೇಣದ ಕಷ್ಟವೇ ಮತ್ತೆ ಬಂದಂತಾಯಿತು.

ಮೇಣದ ಬೊಂಬೆ:
ದೀರ್ಘಕಾಲ ಬೆವರಿದರೆ ಮೆತ್ತಗಾಗುತ್ತದೆ, ನಿಜ. ಆದರೆ ಒಂದು ದೃಶ್ಯದ ಮಟ್ಟಿಗೆ, ಕೆಳಗೆ ಗಮ್ ಮತ್ತು ಮೇಲೆ ಸೀಲರ್ ಇದ್ದರೆ, ತಡೆದುಕೊಳ್ಳುತ್ತದೆ. ನನ್ನ ಆತಂಕ ಬೇರೆಯದು. ಕೆಲವರು ಕರಗಿದ ಜೆಲಟಿನನ್ನು ನೇರವಾಗಿ ಮುಖಕ್ಕೆ ಹಚ್ಚುತ್ತಾರೆ. ಬಿಸಿನೀರು ಬಿದ್ದರೆ ಹರಿದುಹೋಗುತ್ತದೆ, ಬಿಸಿ ಜೆಲಟಿನ್ ಬಿದ್ದರೆ ಅಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಹದಿಹರೆಯದಲ್ಲಿ ನನ್ನ ಮುಂಗೈಯ ಮೇಲೆ ನಾನೇ ಹೀಗೆ ಸುಟ್ಟುಕೊಂಡಿದ್ದೇನೆ. ಆ ಕಲೆ ಇಂದಿಗೂ ಇದೆ. ತಟ್ಟೆಯ ಮೇಲೆ ಎರೆದು ತಣಿಸಿ ಅಂಟಿಸುವುದೇ ಸುರಕ್ಷಿತ.

ಪ್ರಥಮ ಚಿಕಿತ್ಸೆ:
ನಾನು ಪ್ರಥಮ ಚಿಕಿತ್ಸೆಯ ತರಬೇತಿ ನೀಡುವವನು. ನಮ್ಮ ಕ್ಷೇತ್ರದಲ್ಲಿ ಈ ಕೆಲಸಕ್ಕೆ ಮೌಲಾಜ್ ಎಂಬ ಫ್ರೆಂಚ್ ಹೆಸರಿದೆ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ 19ನೇ ಶತಮಾನದಲ್ಲಿ ರೋಗಿಗಳ ಮೈಯಿಂದಲೇ ಅಚ್ಚು ತೆಗೆದು ಚರ್ಮರೋಗಗಳ ಮೇಣದ ಪ್ರತಿಕೃತಿಗಳನ್ನು ಮಾಡಿಡುತ್ತಿದ್ದರು; ವಿದ್ಯಾರ್ಥಿಗಳು ಅವನ್ನು ನೋಡಿ ರೋಗ ಗುರುತಿಸಲು ಕಲಿಯುತ್ತಿದ್ದರು. ನಾವು ಇಂದು ಅಣಕು ಅಪಘಾತಗಳಲ್ಲಿ ಸ್ವಯಂಸೇವಕರ ಮೈಮೇಲೆ ಮಾಡುವುದು ಅದರ ಮುಂದುವರಿಕೆ. ನನ್ನ ಮುಂದಿರುವವರು ಪ್ರೇಕ್ಷಕರಲ್ಲ, ಕಲಿಯುವವರು. ಆದ್ದರಿಂದ ಬಣ್ಣ ತಪ್ಪಿದರೆ ಅವರ ಕಲಿಕೆಯೂ ತಪ್ಪುತ್ತದೆ.

ಈ ಚರ್ಚೆಯಲ್ಲಿ ಎಲ್ಲರೂ ಏನನ್ನು ಅಂಟಿಸಬೇಕು ಎಂದು ಮಾತನಾಡುತ್ತಿದ್ದಾರೆ. ಪೆಟ್ಟು ಹೇಗೆ ಬಿತ್ತು ಎಂದು ಯಾರೂ ಕೇಳಲಿಲ್ಲ. ದೊಣ್ಣೆಯ ಪೆಟ್ಟಿಗೂ ಕತ್ತಿಯ ಪೆಟ್ಟಿಗೂ ಗಾಯ ಒಂದೇ ತೆರನಾಗಿ ಆಗುವುದಿಲ್ಲ. ಕತ್ತಿ ಚರ್ಮವನ್ನು ಕತ್ತರಿಸುತ್ತದೆ, ಅಂಚು ನೇರವಾಗಿ ಚೊಕ್ಕವಾಗಿರುತ್ತದೆ. ದೊಣ್ಣೆ ಬಿದ್ದಾಗ ಹಣೆಯ ಚರ್ಮವು ದೊಣ್ಣೆಗೂ ಮೂಳೆಗೂ ನಡುವೆ ಸಿಕ್ಕಿ ಒಡೆಯುತ್ತದೆ. ಅದರ ಅಂಚು ಜಜ್ಜಿ ಹೋಗಿರುತ್ತದೆ, ಸೀಳಿನ ಒಳಗೆ ಅಲ್ಲಲ್ಲಿ ಹರಿಯದೆ ಉಳಿದ ಎಳೆಗಳು ಇರುತ್ತವೆ, ಸುತ್ತಲೂ ಊದಿಕೊಂಡಿರುತ್ತದೆ. ನೀವು ಚಮಚದ ಹಿಡಿಯಿಂದ ನೇರವಾಗಿ ಸೀಳಿದ್ದೀರಿ ಎಂದರೆ ನಿಮ್ಮ ಪಾತ್ರಕ್ಕೆ ಕತ್ತಿಯ ಗಾಯ ಮಾಡಿದ್ದೀರಿ ಎಂದಾಯಿತು. ಆಸ್ಟ್ರಿಯಾದ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಗುರುತಿಸಿದ ಚರ್ಮದ ಎಳೆತದ ರೇಖೆಗಳು ಹಣೆಯಲ್ಲಿ ಅಡ್ಡಲಾಗಿ ಸಾಗುತ್ತವೆ. ಆದ್ದರಿಂದ ಅಡ್ಡಲಾಗಿ ಒಡೆದ ಗಾಯ ಹೆಚ್ಚು ಬಾಯ್ತೆರೆಯುವುದಿಲ್ಲ, ಉದ್ದಕ್ಕೆ ಒಡೆದದ್ದು ಬಾಯಿ ಬಿಡುತ್ತದೆ. ದೂರದ ಪ್ರೇಕ್ಷಕರಿಗೂ ಕಾಣಬೇಕೆಂದರೆ ಸ್ವಲ್ಪ ಓರೆಯಾಗಿ ಉದ್ದಕ್ಕೆ ಮಾಡಿ.

ಮೂರನೇ ಗಂಟೆ:
ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ರಕ್ತ ಎಷ್ಟು ಹಾಕಬೇಕು?

ಪ್ರಥಮ ಚಿಕಿತ್ಸೆ:
ಹಣೆ ಮತ್ತು ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಸಣ್ಣ ಗಾಯವೂ ಧಾರಾಳವಾಗಿ ಸುರಿಯುತ್ತದೆ. ಆದರೆ ಪ್ರಮಾಣಕ್ಕಿಂತ ಹರಿವಿನ ದಿಕ್ಕು ಮುಖ್ಯ. ಪೆಟ್ಟು ತಿಂದವನು ನಿಂತಿದ್ದರೆ ರಕ್ತ ಹುಬ್ಬಿಗೆ ತಗಲಿ, ಅಲ್ಲಿ ಕವಲೊಡೆದು, ಕಣ್ಣಿನ ಹೊರಬದಿಯಿಂದ ಕೆನ್ನೆಗೆ ಇಳಿಯುತ್ತದೆ. ಬಿದ್ದುಕೊಂಡಿದ್ದರೆ ಕಿವಿಯ ಕಡೆಗೆ ಹರಿಯುತ್ತದೆ. ಆತ ಕೈಯಿಂದ ಒರೆಸಿಕೊಂಡಿರುತ್ತಾನೆ, ಹಾಗಾಗಿ ಅಂಗೈಯ ಮೇಲೂ ಅಂಗಿಯ ತೋಳಿನ ಮೇಲೂ ಗುರುತು ಇರಬೇಕು. ಕುಂಚದಿಂದ ಗೆರೆ ಎಳೆಯಬೇಡಿ. ಗಾಯದ ಬಾಯಿಗೆ ಹನಿಯಾಗಿ ಹಾಕಿ ತಾನಾಗಿ ಇಳಿಯಲು ಬಿಡಿ.

ಮುಖದ ಬಣ್ಣವನ್ನೂ ಮರೆಯಬೇಡಿ. ಆಘಾತಕ್ಕೊಳಗಾದವನ ತುಟಿ ಕಳೆಗುಂದಿರುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಇರುತ್ತದೆ. ಗ್ಲಿಸರಿನ್ ಬೆರೆಸಿದ ನೀರನ್ನು ಮೇಲ್ತುಟಿಗೆ ಸಿಂಪಡಿಸಿದರೆ ಸಾಕು. ಅಂಟಿಸಿದ ಜಾಗಕ್ಕೆ ಮಾತ್ರ ತಾಗಿಸಬೇಡಿ.

ಹಳೇ ಪರದೆ:
ರಕ್ತದ ವಿಷಯಕ್ಕೆ ಬಂದಿರಿ, ನಾನೂ ಎರಡು ಮಾತು ಸೇರಿಸುತ್ತೇನೆ. ಹೊಸಬರೆಲ್ಲ ಮಾಡುವ ತಪ್ಪೆಂದರೆ ಬರಿಯ ಕೆಂಪು ಬಣ್ಣವನ್ನು ಬಳಸುವುದು. ಅದು ದೀಪದ ಕೆಳಗೆ ಗುಲಾಬಿಯಾಗಿ ಕಾಣುತ್ತದೆ. ಗಟ್ಟಿ ಸಕ್ಕರೆ ಪಾಕಕ್ಕೆ ತಿನ್ನಲು ಯೋಗ್ಯವಾದ ಕೆಂಪು ಬಣ್ಣ ಬೆರೆಸಿ, ಕಡ್ಡಿಯ ತುದಿಯಲ್ಲಿ ಅದ್ದಿದಷ್ಟು ನೀಲಿಯನ್ನು ಸೇರಿಸಿ, ಪಾರದರ್ಶಕತೆ ತಗ್ಗಿಸಲು ಚಿಟಿಕೆ ಕೋಕೋ ಪುಡಿ ಹಾಕಿದರೆ ನಿಜದ ಸಮೀಪಕ್ಕೆ ಬರುತ್ತದೆ. ಬಿಳಿಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ಓರೆ ಮಾಡಿ ನೋಡಿ: ಹನಿಯ ನಡುಭಾಗ ಕಡುಗೆಂಪಾಗಿಯೂ ತೆಳುವಾಗಿ ಜಾರಿದ ಅಂಚು ತಿಳಿಗೆಂಪಾಗಿಯೂ ಇದ್ದರೆ ಹದ ಬಂದಂತೆ. ಕಪ್ಪುಬಿಳುಪು ಚಿತ್ರಗಳ ಕಾಲದಲ್ಲಿ ಚಾಕೊಲೇಟ್ ಪಾಕವನ್ನೇ ರಕ್ತವೆಂದು ತೋರಿಸಿದ್ದಾರೆ, ಏಕೆಂದರೆ ಅಲ್ಲಿ ಬೇಕಿದ್ದದ್ದು ಗಾಢತೆ ಮತ್ತು ಹರಿವು ಮಾತ್ರ. ನಾನು ಪಾತ್ರೆ ತೊಳೆಯುವ ದ್ರವವನ್ನೂ ಸ್ವಲ್ಪ ಸೇರಿಸುತ್ತೇನೆ, ವೇಷಭೂಷಣದಿಂದ ಕಲೆ ಬೇಗ ಬಿಡುತ್ತದೆ.

ನೆರಳು ಬೆಳಕು:
ಹಿರಿಯರೇ, ಆ ಕೊನೆಯ ವಾಕ್ಯಕ್ಕೆ ನನ್ನ ಆಕ್ಷೇಪವಿದೆ. ಅದೇ ಸೀಸೆಯಿಂದ ಬಾಯಿಗೂ ರಕ್ತ ಹಾಕುವವರಿದ್ದಾರೆ.

ಹಳೇ ಪರದೆ:
ನಿಮ್ಮ ಆಕ್ಷೇಪ ಸರಿ, ನಾನು ಬಿಡಿಸಿ ಹೇಳಬೇಕಿತ್ತು. ಅಮೆರಿಕದ ಪ್ರಸಿದ್ಧ ಪ್ರಸಾಧನ ಕಲಾವಿದ ಡಿಕ್ ಸ್ಮಿತ್ ರೂಪಿಸಿದ ರಕ್ತದ ಮಿಶ್ರಣದಲ್ಲಿಯೂ ಇದೇ ಎಚ್ಚರಿಕೆ ಬೇಕಾಗಿತ್ತು. ಅದು ಬಟ್ಟೆ ಮತ್ತು ಚರ್ಮದ ಮೇಲೆ ಗುಂಡುಗಟ್ಟದೆ ಹರಡಲೆಂದು ಛಾಯಾಚಿತ್ರ ತೊಳೆಯಲು ಬಳಸುವ ದ್ರವವೊಂದನ್ನು ಸೇರಿಸುತ್ತಿದ್ದರು. ಆ ಕಾರಣಕ್ಕೇ ಅದನ್ನು ಬಾಯಿಗೆ ಹಾಕುವಂತಿರಲಿಲ್ಲ. ಬಾಯಿಯ ರಕ್ತಕ್ಕೆ ಬೇರೆಯೇ ಸೀಸೆ, ಅದರ ಮೇಲೆ ದೊಡ್ಡ ಅಕ್ಷರದ ಚೀಟಿ ಇರಬೇಕು. ಹಣೆಯಿಂದ ಇಳಿಯುವ ರಕ್ತವೂ ಕಣ್ಣಿಗೆ, ಬಾಯಿಗೆ ಹೋಗಬಹುದಾದ್ದರಿಂದ ಈ ನಾಟಕಕ್ಕೆ ಸಾಬೂನಿನ ದ್ರವ ಬೇಡವೇ ಬೇಡ.

ಕಿರುಚಿತ್ರದವ:
ಮೂರು ದಿನದ ನಂತರದ ದೃಶ್ಯಕ್ಕೆ ನನ್ನ ಸಲಹೆ: ಗಾಯದ ಮೇಲೆ ಬಿಳಿ ಪಟ್ಟಿ ಕಟ್ಟಿಬಿಡಿ. ಆರು ನಿಮಿಷ ಬೇಕಾದಷ್ಟಾಯಿತು.

ಬಣ್ಣದ ಪೆಟ್ಟಿಗೆ:
ಹಾಗೆ ಮಾಡಿದರೆ ಪ್ರಸಾಧನದ ಕೆಲಸದಿಂದ ನುಣುಚಿಕೊಂಡಂತಾಗುವುದಿಲ್ಲವೇ? ಆ ದೃಶ್ಯದಲ್ಲಿ ಗಾಯವೇ ಕಾಣದಿದ್ದರೆ ಪೆಟ್ಟಿನ ತೂಕ ಹೋಗುತ್ತದೆ.

ಪ್ರಥಮ ಚಿಕಿತ್ಸೆ:
ಪಟ್ಟಿ ಕಟ್ಟುವುದರಲ್ಲಿ ತಪ್ಪಿಲ್ಲ. ಹಣೆ ಒಡೆದವನಿಗೆ ಮೂರು ದಿನದ ನಂತರ ಪಟ್ಟಿ ಇರುವುದೇ ಸಹಜ. ಆದರೆ ಪಟ್ಟಿಯ ಕೆಳಗಿನ ಕಣ್ಣು ಸುಮ್ಮನಿರುವುದಿಲ್ಲ. ಹಣೆಯೊಳಗೆ ಸೋರಿದ ರಕ್ತವು ಭಾರಕ್ಕೆ ಕೆಳಗಿಳಿದು ಒಂದೆರಡು ದಿನಗಳಲ್ಲಿ ರೆಪ್ಪೆಯ ಸುತ್ತ ಸೇರಿಕೊಳ್ಳುತ್ತದೆ. ಕಣ್ಣಿಗೆ ಪೆಟ್ಟೇ ಬೀಳದಿದ್ದರೂ ಕಣ್ಣು ಕಪ್ಪಾಗುತ್ತದೆ. ಪೆಟ್ಟಿನ ತೂಕವನ್ನು ಅಲ್ಲಿ ತೋರಿಸಿ.

ಪೆಟ್ಟಿನ ಕಲೆಯ ಬಣ್ಣದ ಕ್ರಮಕ್ಕೂ ಕಾರಣವಿದೆ. ಮೊದಲು ಕೆಂಪು, ಒಂದೆರಡು ದಿನಕ್ಕೆ ನೀಲಿ ನೇರಳೆ, ಆಮೇಲೆ ರಕ್ತದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಎಂಬ ವರ್ಣವಸ್ತು ಆದಾಗ ಹಸಿರು, ಅದು ಬಿಲಿರುಬಿನ್ ಎಂಬ ಇನ್ನೊಂದು ವರ್ಣವಸ್ತು ಆದಾಗ ಹಳದಿ, ಕೊನೆಗೆ ಕಂದು. ಎಲ್ಲರ ಮೈಯಲ್ಲೂ ಇದು ಒಂದೇ ವೇಗದಲ್ಲಿ ನಡೆಯುವುದಿಲ್ಲ, ಆದರೆ ಮೂರನೆಯ ದಿನಕ್ಕೆ ನಡುವೆ ಕಡುನೇರಳೆಯನ್ನೂ ಹೊರ ಅಂಚಿನಲ್ಲಿ ಹಸಿರಿನ ಸುಳಿವನ್ನೂ ಕೊಟ್ಟರೆ ನಂಬುವಂತಿರುತ್ತದೆ. ಎರಡೂ ಕಣ್ಣಿಗೆ ಸಮನಾಗಿ ಬಳಿಯಬೇಡಿ, ಪೆಟ್ಟು ಬಿದ್ದ ಬದಿಯಲ್ಲಿ ಹೆಚ್ಚಿರಲಿ.

ನೆರಳು ಬೆಳಕು:
ಇದಕ್ಕೊಂದು ತಿದ್ದುಪಡಿ ಬೇಕು. ಕಲಿಸುವ ವೀಡಿಯೋಗಳಲ್ಲಿ ಹೆಚ್ಚಿನವು ಬಿಳಿಯ ಚರ್ಮದವರ ಮೇಲೆ ಮಾಡಿದವು. ಗಾಢವರ್ಣದ ಚರ್ಮದ ಮೇಲೆ ಹಳದಿ, ಹಸಿರು ಅಷ್ಟಾಗಿ ಕಾಣಿಸುವುದಿಲ್ಲ. ಅಲ್ಲಿ ಪೆಟ್ಟಿನ ಕಲೆ ಕಡುನೇರಳೆ ಅಥವಾ ಕಪ್ಪುಗಂದಾಗಿ, ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ ತೋರುತ್ತದೆ. ವೀಡಿಯೋದ ಬಣ್ಣಗಳನ್ನೇ ಹಚ್ಚಿದರೆ ಗಾಯದ ಬದಲು ಬಣ್ಣದಾಟ ಆಡಿಬಂದಂತೆ ಕಾಣುತ್ತದೆ. ಪಾತ್ರಧಾರಿಯ ಮೈಬಣ್ಣಕ್ಕಿಂತ ಎರಡು ಮೂರು ಛಾಯೆ ಗಾಢವಾದ ಕೆಂಗಂದಿನಿಂದ ಆರಂಭಿಸಿ. ಬಣ್ಣವನ್ನು ತೀಡದೆ ಒರಟು ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿ; ತೀಡಿದ್ದು ಕಾಡಿಗೆಯಾಗುತ್ತದೆ, ತಟ್ಟಿದ್ದು ಚರ್ಮದ ಒಳಗಿನಿಂದ ಮೂಡಿದಂತಿರುತ್ತದೆ.

ಹೊಸ ಕುಂಚ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ಹಳೆಯ, ಒಣಗಿದ ಗಾಯದ ಕಲೆಗೆ ಕಲೋಡಿಯನ್ (ಹಚ್ಚಿದರೆ ಒಣಗಿ ಪೊರೆಯಾಗುವ ದ್ರವ) ಬಳಸಬಹುದೇ?

ಮೇಣದ ಬೊಂಬೆ:
ಬಳಸಬಹುದು. ಅದು ಒಣಗುವಾಗ ಕುಗ್ಗಿ ಚರ್ಮವನ್ನು ಒಳಕ್ಕೆ ಎಳೆಯುವುದರಿಂದ ವರ್ಷಗಳ ಹಿಂದಿನ ಕಲೆಯಂತೆ ಗುಳಿ ಬೀಳುತ್ತದೆ. ಆದರೆ ಅದರಲ್ಲಿ ಈಥರ್ ಇರುವುದರಿಂದ ಬಹಳ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ಕಣ್ಣಿನ ಬಳಿ ಹಚ್ಚಲೇಬಾರದು, ಒಂದೇ ಜಾಗಕ್ಕೆ ದಿನದಿನವೂ ಹಚ್ಚಿದರೆ ಚರ್ಮ ಹಾಳಾಗುತ್ತದೆ.

ಬಣ್ಣದ ಪೆಟ್ಟಿಗೆ:
ಎಲ್ಲ ಹೊಸಬರಿಗೂ ಒಂದು ಮಾತು: ಮನೆಯಲ್ಲಿದೆ ಎಂದು ಶಾಲಾ ಅಂಟನ್ನೋ ತಕ್ಷಣ ಗಟ್ಟಿಯಾಗುವ ಅಂಟನ್ನೋ ಮುಖಕ್ಕೆ ತರಬೇಡಿ, ಮುಖದ ಮೇಲಿನ ಮೇಣವನ್ನು ನಿಜವಾದ ಬ್ಲೇಡಿನಿಂದ ಸೀಳಬೇಡಿ.

ಹಳೇ ಪರದೆ:
ಮುಗಿದ ಮೇಲೆ ತೊಳೆದುಕೊಂಡೇ ಹೊರಗೆ ಹೋಗಬೇಕು ಎಂಬುದನ್ನೂ ಸೇರಿಸಿ. ಚಿತ್ರೀಕರಣ ಮುಗಿಸಿ ಕತ್ತಿನ ಮೇಲೆ ಗಾಯವಿಟ್ಟುಕೊಂಡೇ ಮನೆಗೆ ನಡೆದು ಹೊರಟಿದ್ದ ನಮ್ಮ ಹುಡುಗನೊಬ್ಬನನ್ನು ಕಂಡು, ಅಪರಿಚಿತರೊಬ್ಬರು ಗಾಡಿ ನಿಲ್ಲಿಸಿ, ಕೈ ನಡುಗುತ್ತಿದ್ದರೂ ತಮ್ಮ ಕರವಸ್ತ್ರವನ್ನು ಅವನ ಕತ್ತಿಗೆ ಒತ್ತಿಹಿಡಿದಿದ್ದರು. ನಿಜ ತಿಳಿದ ಮೇಲೂ ಅವರಿಗೆ ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಇನ್ನೊಬ್ಬರ ಕರುಣೆಯನ್ನು ಹಾಗೆ ದಣಿಸಬಾರದು.

ಮೂರನೇ ಗಂಟೆ:
ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಪಾತ್ರಧಾರಿಗೆ ಲ್ಯಾಟೆಕ್ಸ್ ಒಗ್ಗಿತು. ಗಾಜಿನ ಮೇಲೆ ಐದು ತುಂಡು ಮಾಡಿದೆ, ಮೊದಲ ಮೂರು ಹರಿದುಹೋದವು. ನಾಲ್ಕನೆಯದರಲ್ಲಿ ಸೀಳನ್ನು ಕತ್ತರಿಸದೆ ಬೆರಳುಗಳಿಂದ ಎಳೆದು ಹರಿದಾಗ ಟಿಶ್ಯೂವಿನ ಎರಡು ನಾರು ಅಡ್ಡಲಾಗಿ ಉಳಿದುಕೊಂಡವು. ಪ್ರಥಮ ಚಿಕಿತ್ಸೆಯವರು ಹೇಳಿದ ಹರಿಯದ ಎಳೆಗಳು ಇವೇ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಳಗೆ ಕಡುಗೆಂಪು, ಅಂಚಿಗೆ ನೇರಳೆ ತಟ್ಟಿ, ಮೂರು ಹನಿ ರಕ್ತ ಹಾಕಿದೆ. ಅದು ಹುಬ್ಬಿನ ಬಳಿ ನಿಂತು, ತುಂಬಿಕೊಂಡು, ಆಮೇಲೆ ಕೆನ್ನೆಗೆ ಇಳಿಯಿತು. ಮೊದಲ ಸಾಲಿನ ಅದೇ ಗೆಳೆಯ ಈ ಸಲ ಎದ್ದು ನಿಂತ. ಎರಡನೆಯ ದೃಶ್ಯಕ್ಕೆ ಪಟ್ಟಿ ಕಟ್ಟಿ ಕಣ್ಣು ಕಪ್ಪು ಮಾಡಲು ನಾಲ್ಕೂವರೆ ನಿಮಿಷ ಸಾಕಾಯಿತು.

ಒಂದು ತೊಂದರೆ ಉಳಿದಿದೆ. ಆತ ಹುಬ್ಬೇರಿಸಿದಾಗ ತುಂಡಿನ ಮೇಲಂಚು ಬಿಟ್ಟುಕೊಳ್ಳುತ್ತದೆ.

ಬಣ್ಣದ ಪೆಟ್ಟಿಗೆ:
ಹಣೆ ಸಡಿಲವಾಗಿದ್ದಾಗ ಅಂಟಿಸಿದ್ದೀರಿ. ಮೊದಲು ನಡುಭಾಗವನ್ನು ಮಾತ್ರ ಅಂಟಿಸಿ, ಆಮೇಲೆ ಅವರಿಗೆ ಹುಬ್ಬೇರಿಸಿ ಹಿಡಿಯಲು ಹೇಳಿ, ಹಣೆಯ ನೆರಿಗೆ ಮೂಡಿರುವಾಗಲೇ ಮೇಲಂಚನ್ನು ನೆರಿಗೆಯ ಗುಂಟ ಒತ್ತಿ ಮೂವತ್ತು ಎಣಿಸಿ. ತೆಗೆಯುವಾಗ ಕೀಳಬೇಡಿ, ಗಮ್ ರಿಮೂವರಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಅಂಚಿನಡಿ ನುಗ್ಗಿಸುತ್ತಾ ಹೋದರೆ ತಾನಾಗಿ ಬಿಡುತ್ತದೆ.

ಮೂರನೇ ಗಂಟೆ:
ನೆರಿಗೆ ಮೂಡಿಸಿಯೇ ಒತ್ತಿದೆ, ಈಗ ಗಟ್ಟಿಯಾಗಿ ಕೂತಿದೆ. ಐದನೆಯ ತುಂಡನ್ನು ಪ್ರದರ್ಶನದ ದಿನಕ್ಕೆಂದು ಪೌಡರ್ ಹಾಕಿ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.